ನೆಟ್ಟಗಾದ ಚಿತ್ರ

ಅವರನ್ನು ನಮ್ಮ ಕಡೆಯವರೆಲ್ಲ ಮುಳ್ಳಣ್ಣ ಎಂದು ಕರೆಯುತ್ತಿದ್ದರು. ಗಡಿಯಾರದ ಮುಳ್ಳುಗಳೊಡನೆ ಜೀವ ಸವೆಸಿದವರಾದ್ದರಿಂದ ಆ ಹೆಸರು ಬಂದಿತೆಂದು ಕೆಲವರು ಹೇಳಿದರೆ, ಅವರ ಮಾತು ನಾಟುವಂತಿದ್ದುದರಿಂದ ಬಂದಿತೆಂದು ಉಳಿದವರು ಹೇಳುತ್ತಿದ್ದರು. ಗಡಿಯಾರ ನೀರಿಗೆ ಬಿತ್ತೆಂದು ಯಾರಾದರೂ ಅಳುಮುಖ ಮಾಡಿಕೊಂಡು ಬಂದರೆ, "ಅದಕ್ಕೆ ಈಜು ಕಲಿಸಿರ್ಲಿಲ್ವಾ?" ಎಂದು ಕೇಳುತ್ತಿದ್ದರು. ಬಂದವರ ಮುಖ ಕೆಂಪೇರುವುದರೊಳಗೆ ಗಡಿಯಾರದ ಬೆನ್ನು ಬಿಚ್ಚಿ ಕೆಲಸಕ್ಕೆ ಕುಳಿತಿರುತ್ತಿದ್ದರು.

ಅವರ ಅಂಗಡಿಯೆಂದರೆ ಒಂದು ಕನ್ನಡಕದಂಗಡಿಗೂ ಒಂದು ಇಸ್ತ್ರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಓಣಿಯಂಥ ಕೋಣೆ. ಬೆಳಕು ಬರುವ ಕಿಟಕಿಯ ಕೆಳಗೆ ಕೆಲಸದ ಮೇಜು. ಉರುಳಿದ ಸ್ಕ್ರೂ ಕೆಳಗೆ ಬೀಳದಿರಲೆಂದು ಮೇಜಿಗೆ ಸುತ್ತಲೂ ಮರದ ಅಂಚು. ಆ ಅಂಚನ್ನೂ ದಾಟಿ ಬಿದ್ದವು ಮಡಿಲಲ್ಲೇ ಉಳಿಯಲೆಂದು, ಮೇಜಿಗೆ ಮೊಳೆ ಹೊಡೆದ ದಪ್ಪ ಬಟ್ಟೆಯೊಂದನ್ನು ತೊಡೆಯ ಮೇಲೆ ಹಾಸಿಕೊಂಡು ಕೂರುತ್ತಿದ್ದರು. ಅಂಗಡಿಯ ನೆಲವನ್ನು ಗುಡಿಸಲು ಬೇರೆ ಯಾರಿಗೂ ಬಿಟ್ಟವರಲ್ಲ. ಗುಡಿಸಿದ ಕಸವನ್ನು ಹಾಳೆಯ ಮೇಲೆ ಹರಡಿ ಬೆರಳಾಡಿಸಿ ನೋಡದ ಹೊರತು ಹೊರಗೆ ಚೆಲ್ಲುತ್ತಿರಲಿಲ್ಲ. ಮೇಜನ್ನಂತೂ ಸ್ವಂತ ಮಗಳು ಮುಟ್ಟಿದರೂ ಸಹಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಅವಳು ಯಾವುದೋ ಚಕ್ರವನ್ನು ಬುಗುರಿಯಂತೆ ತಿರುಗಿಸಿ ಏಟು ತಿಂದಿದ್ದಳಂತೆ. ಅಂದಿನಿಂದ ಅವಳಿಗೆ ಬಾಗಿಲ ಹತ್ತಿರದ ಬೆಂಚೇ ಗಡಿಯಾಯಿತು.

ಶಾಲೆಯಿಂದ ನಿವೃತ್ತನಾದ ಮೇಲೆ ನಾನೂ ಅದೇ ಬೆಂಚಿನ ಮೇಲೆ ಮಧ್ಯಾಹ್ನಗಳನ್ನು ಕಳೆಯುವುದನ್ನು ರೂಢಿ ಮಾಡಿಕೊಂಡೆ. ಕೈಯಲ್ಲಿ ಪತ್ರಿಕೆ ಇರುತ್ತಿತ್ತು. ಓದು ಮಾತ್ರ ಅಷ್ಟಕ್ಕಷ್ಟೆ. ಅವರು ಕೆಲಸ ಮಾಡುತ್ತಲೇ ಮಾತನಾಡುತ್ತಿದ್ದರು, ನಾನು ಕೇಳುತ್ತಿದ್ದೆ. ಇಲ್ಲಿ ಬರೆದಿರುವುದೆಲ್ಲ ಆ ಬೆಂಚಿನ ಮೇಲಿಂದ ಕಂಡದ್ದು. ಉಳಿದ ಸ್ವಲ್ಪ ಅವರ ಮಗಳು ಆಮೇಲೆ ಹೇಳಿದ್ದು.

ಅವರ ಕಣ್ಣು ಕೆಟ್ಟದ್ದು ಸದ್ದಿಲ್ಲದೆ. ಮೊದಲು ದೀಪದ ಮೇಲೆ ತಪ್ಪು ಹೊರಿಸಿದರು, ಆಮೇಲೆ ಒಂಟಿಗಣ್ಣಿನ ಮಸೂರದ ಮೇಲೆ, ಆಮೇಲೆ ಈಗಿನ ಗಡಿಯಾರಗಳ ಮೇಲೆ. ಪಕ್ಕದ ಕನ್ನಡಕದಂಗಡಿಯವನು ಹೊಸ ಹೊಸ ಗಾಜು ಹಾಕಿಕೊಟ್ಟು ಸೋತು, ಕೊನೆಗೆ ತಾನೇ ಕೈಹಿಡಿದು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದ. ಕಣ್ಣಿನ ಹಿಂಬದಿಯ ಪೊರೆ ನಟ್ಟನಡುವೆ ಸವೆದುಹೋಗಿದೆ, ಅಂಚಿನ ನೋಟವಷ್ಟೇ ಉಳಿಯುತ್ತದೆ, ಇದು ಕನ್ನಡಕದಿಂದ ಸರಿಹೋಗುವುದಲ್ಲ ಎಂದು ವೈದ್ಯರು ಹೇಳಿದರಂತೆ. ಹಿಂದಿರುಗಿ ಬಂದು ನನಗೆ ಅದನ್ನು ವಿವರಿಸಿದ್ದು ಹೀಗೆ: "ಮೇಷ್ಟ್ರೇ, ಇನ್ಮೇಲೆ ನಿಮ್ಮ ಮುಖ ನೋಡ್ಬೇಕಾದ್ರೆ ನಿಮ್ಮ ಕಿವಿ ನೋಡ್ಬೇಕು. ನೇರವಾಗಿ ನೋಡಿದ್ರೆ ನಿಮ್ಗೆ ಮುಖಾನೇ ಇಲ್ಲ."

ನಾನು ನಕ್ಕೆ. ಅವರೂ ನಕ್ಕರು. ಆದರೆ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡರೆ, ನೋಡಬೇಕಾದ ಚಕ್ರ ಸರಿಯಾಗಿ ಆ ನಡುವಿನ ಕತ್ತಲೆಯೊಳಗೇ ಹೋಗಿ ಕೂರುತ್ತಿತ್ತು. ಗಡಿಯಾರದ ಕೆಲಸ ಬಲ್ಲವನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇನ್ನಾವುದಿದೆ?

ಆಗ ಅವರ ಕೈಗೆ ಸಿಕ್ಕಿದ್ದು ಮಗಳು ಬಳಸಿ ಬಿಟ್ಟಿದ್ದ ಒಂದು ವೆಬ್‌ಕ್ಯಾಮ್. ಕಂಪ್ಯೂಟರಿನ ನೆತ್ತಿಯ ಮೇಲೆ ಕೂರಿಸಿ, ದೂರದಲ್ಲಿರುವವರೊಡನೆ ಮುಖ ನೋಡುತ್ತ ಮಾತನಾಡಲೆಂದು ಹಿಂದೆ ಬರುತ್ತಿದ್ದ ಚೆಂಡಿನಾಕಾರದ ಪುಟ್ಟ ಕ್ಯಾಮೆರಾ. ಅದರ ಮೂತಿಯಲ್ಲಿದ್ದ ಗಾಜಿನ ಉಂಗುರವನ್ನು ಕೈಯಿಂದ ತಿರುಗಿಸಬಹುದಾಗಿತ್ತು. ಅದನ್ನು ಮಿತಿಮೀರಿ ತಿರುಗಿಸಿ, ಇನ್ನೇನು ಕಳಚಿ ಬೀಳಬೇಕು ಎನ್ನುವಲ್ಲಿ ನಿಲ್ಲಿಸಿದರೆ, ಹತ್ತಿರದ ವಸ್ತು ಪರದೆಯ ಮೇಲೆ ಬೃಹದಾಕಾರವಾಗಿ ಕಾಣುತ್ತಿತ್ತು. ಸಾಸಿವೆಗಿಂತ ಸಣ್ಣ ಸ್ಕ್ರೂ ತಟ್ಟೆಯಷ್ಟಾಗುತ್ತಿತ್ತು. ಪರದೆಯ ಮೂಲೆಯನ್ನು ದಿಟ್ಟಿಸುತ್ತ, ಕಣ್ಣಂಚಿನಿಂದ ಆ ಸ್ಕ್ರೂವನ್ನು ನೋಡಬಹುದೆಂದು ಅವರು ಕಂಡುಕೊಂಡರು. ಹಳೆಯ ಕಂಪ್ಯೂಟರನ್ನೂ ಮಗಳಿಂದಲೇ ಪಡೆದು ಮೇಜಿನ ಪಕ್ಕದಲ್ಲಿರಿಸಿಕೊಂಡರು.

ಒಂದೇ ತೊಡಕು. ಮೇಜಿನ ಈಚೆ ಅವರ ತಲೆ, ಕೈ, ಚಿಮಟ ಎಲ್ಲ ಇದ್ದುದರಿಂದ ಕ್ಯಾಮೆರಾವನ್ನು ಆಚೆ ಬದಿಯ ದೀಪದ ತೋಳಿಗೆ ಕಟ್ಟಬೇಕಾಯಿತು. ಹಾಗಾಗಿ ಚಿತ್ರ ತಲೆಕೆಳಗಾಗಿ ಬರುತ್ತಿತ್ತು. ಚಿಮಟ ಹಿಡಿದ ಕೈ ಪರದೆಯ ಮೇಲ್ಭಾಗದಿಂದ ಇಳಿದು ಬರುತ್ತಿತ್ತು. ಬಲಕ್ಕೆ ಸರಿಸಿದರೆ ಎಡಕ್ಕೆ ಹೋಗುತ್ತಿತ್ತು, ಮುಂದೆ ನೂಕಿದರೆ ಹಿಂದೆ ಬರುತ್ತಿತ್ತು. ಕ್ಯಾಮೆರಾವನ್ನೇ ತಿರುಗಿಸಿ ಕಟ್ಟಿ ನೋಡಿದರೆ ಅದರ ತಂತಿ ಕೆಲಸಕ್ಕೆ ಅಡ್ಡವಾಯಿತು. ಮುಳ್ಳಣ್ಣನವರು ಕ್ಯಾಮೆರಾವನ್ನು ಬಿಟ್ಟು ಕೈಯನ್ನು ತಿದ್ದಲು ಹೊರಟರು. ಗುಜರಿಗೆ ಹೋಗಬೇಕಿದ್ದ ಗಡಿಯಾರಗಳನ್ನು ಮುಂದಿರಿಸಿಕೊಂಡು ಬಿಚ್ಚಿದರು, ಜೋಡಿಸಿದರು, ಮುರಿದರು. ಅಕ್ಷರ ತಿದ್ದುವ ಮಗುವಿನಂತೆ ನಾಲಗೆಯ ತುದಿಯನ್ನು ಹೊರಗೆ ಚಾಚಿಕೊಂಡು ಅವರು ಕುಳಿತಿರುತ್ತಿದ್ದುದನ್ನು ನಾನು ನೋಡಿದ್ದೇನೆ. ಹಲವು ತಿಂಗಳು ಹಾಗೆ ನಡೆಯಿತು. ಕೊನೆಗೆ ಒಂದು ದಿನ ಹೇಳಿದರು, "ಮೇಷ್ಟ್ರೇ, ಇವತ್ತು ಕೈ ನನ್ನನ್ನ ಏನೂ ಕೇಳ್ಲಿಲ್ಲ. ತಾನೇ ಹೋಯ್ತು."

ಆಮೇಲೆ ವರ್ಷಗಟ್ಟಲೆ ಅವರು ಹಾಗೆಯೇ ದುಡಿದರು. ಪರದೆಯನ್ನು ಗಿರಾಕಿಗಳಿಗೆ ಕಾಣದಂತೆ ಗೋಡೆಯ ಕಡೆಗೆ ಓರೆಯಾಗಿಸಿ, ಕೆಲಸಕ್ಕೆ ಬಾರದ ಮಸೂರವನ್ನು ಹಣೆಯ ಮೇಲೆ ಸುಮ್ಮನೆ ಸಿಕ್ಕಿಸಿಕೊಂಡಿರುತ್ತಿದ್ದರು. ಈ ಸಂಗತಿ ಅವರ ಹೆಂಡತಿಗೆ, ಮಗಳಿಗೆ, ಕನ್ನಡಕದವನಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. ಚಿತ್ರ ತಲೆಕೆಳಗಾಗಿರುವುದಂತೂ ಮಗಳಿಗೂ ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಬೆಂಚಿನ ಗಡಿ ದಾಟಿ ಅವಳು ಬಂದವಳಲ್ಲ. ಬಂದಿದ್ದರೂ ಗುಂಡಗಿನ ಚಕ್ರಕ್ಕೆ ತಲೆ ಯಾವುದು, ಕಾಲು ಯಾವುದು?

ಒಂದು ಬೆಳಿಗ್ಗೆ ಹಳೆಯ ಕಂಪ್ಯೂಟರಿನ ಬೆನ್ನಿನಿಂದ ಸುಟ್ಟ ವಾಸನೆ ಬಂದು, ಪರದೆ ಕಪ್ಪಾಗಿ, ಮತ್ತೆ ಬೆಳಗಲಿಲ್ಲ. ಮಗಳು ಪುಸ್ತಕಗಳ ಪುಟ ಜೋಡಿಸಿಕೊಡುವ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಬದಲಾಯಿಸಿ ಬಿಟ್ಟಿದ್ದ, ಆದರೆ ಇದಕ್ಕಿಂತ ಎಷ್ಟೋ ಹೊಸದಾದ ಕಂಪ್ಯೂಟರೊಂದನ್ನು ಕೇಳಿ ತಂದಳು. ಅಪ್ಪನ ಮುಂದೆ ಅದನ್ನಿಟ್ಟು ಕ್ಯಾಮೆರಾದ ತಂತಿಯನ್ನು ಚುಚ್ಚಿದಳು. ಒಂದು ಸಣ್ಣ ಸದ್ದಾಯಿತು. ಪರದೆಯ ಮೂಲೆಯಲ್ಲಿ ಬಂದ ಬರಹವನ್ನು ಅವಳು ಓದಿ ಹೇಳಿದಳು: ಇದು ಗೊತ್ತಿಲ್ಲದ ಸಾಧನ.

"ನಂಗೆ ಗೊತ್ತಲ್ಲ, ಸಾಕು ಅನ್ನು ಅದಕ್ಕೆ," ಎಂದರು ಮುಳ್ಳಣ್ಣನವರು.

ಅದು ಅಷ್ಟಕ್ಕೆ ಒಪ್ಪಲಿಲ್ಲ. ಕ್ಯಾಮೆರಾ ಯಾವುದೆಂದು ಕಂಪ್ಯೂಟರಿಗೆ ಪರಿಚಯ ಮಾಡಿಕೊಡುವ ಡ್ರೈವರ್ ಎಂಬ ತಂತ್ರಾಂಶ ಬೇಕು. ಕ್ಯಾಮೆರಾದ ಜೊತೆಗೆ ಬಂದಿದ್ದ ಸಿ.ಡಿ.ಯಲ್ಲಿದ್ದದ್ದು ಹಳೆಯ ಕಾಲದ್ದು, ಹೊಸ ಕಂಪ್ಯೂಟರು ಅದನ್ನು ಒಳಕ್ಕೇ ಬಿಟ್ಟುಕೊಳ್ಳಲಿಲ್ಲ. ತಯಾರಿಸಿದವರು ಆ ಕ್ಯಾಮೆರಾವನ್ನು ಕೈಬಿಟ್ಟು ಯಾವ ಕಾಲವೋ ಆಗಿತ್ತು. ಮಗಳು ಹೊಸ ಕ್ಯಾಮೆರಾವನ್ನೇ ತಂದಳು. ಅದರ ಗಾಜು ಅಂಟು ಹಾಕಿ ಕೂರಿಸಿದ್ದು, ತಿರುಗಿಸಲು ಬರುತ್ತಿರಲಿಲ್ಲ. ಜೊತೆಗೆ ತನ್ನಷ್ಟಕ್ಕೆ ತಾನೇ ನೋಟ ಬದಲಿಸುತ್ತ, ಚಿಮಟ ಅಡ್ಡ ಬಂದೊಡನೆ ಚಕ್ರವನ್ನು ಮಂಕಾಗಿಸುತ್ತಿತ್ತು. "ಇದಕ್ಕೆ ಮುಖ ನೋಡೋ ಚಟ. ಚಕ್ರ ನೋಡೋ ತಾಳ್ಮೆ ಇಲ್ಲ," ಎಂದು ಅವರು ಅದನ್ನು ಬದಿಗಿಟ್ಟರು. ಕಂಪ್ಯೂಟರಿಗೆ ಸಿಕ್ಕಿಸುವ ಸೂಕ್ಷ್ಮದರ್ಶಕವೊಂದನ್ನು ತರಿಸಿ ನೋಡಿದ್ದೂ ಆಯಿತು. ಅದರ ಮೂತಿ ಗಡಿಯಾರಕ್ಕೆ ತಾಗುವಷ್ಟು ಕೆಳಗಿಳಿಯಬೇಕಾಗಿ, ಚಿಮಟ ಆಡಿಸಲು ಜಾಗವೇ ಉಳಿಯಲಿಲ್ಲ.

ಅಂಗಡಿಯ ಬಾಗಿಲು ಮಾತ್ರ ದಿನವೂ ತೆರೆಯುತ್ತಿತ್ತು. ಬ್ಯಾಟರಿ ಬದಲಾಯಿಸುವುದು, ಪಟ್ಟಿ ಹಾಕುವುದು, ಬೆರಳಿನ ಅಂದಾಜಿನಲ್ಲಿ ಆಗುವ ಕೆಲಸವಷ್ಟೇ ನಡೆಯುತ್ತಿತ್ತು. ಉಳಿದ ಗಡಿಯಾರಗಳನ್ನು ತೆಗೆದುಕೊಂಡು, "ಆಮೇಲೆ ಬನ್ನಿ," ಎಂದು ಕಳುಹಿಸುತ್ತಿದ್ದರು. ಅಂಥ ಒಂದು ದಿನ ನರ್ಸಮ್ಮ ಬಂದರು.

ನಮ್ಮ ಬೀದಿಗಳ ಅರ್ಧ ಜನ ಭೂಮಿಗೆ ಬಂದದ್ದು ಆಕೆಯ ಕೈಯಲ್ಲಿ. ಮುಳ್ಳಣ್ಣನವರ ಮಗಳೂ ಅವರಲ್ಲೊಬ್ಬಳು. ಆಸ್ಪತ್ರೆಯ ಕೆಲಸ ಬಿಟ್ಟು ಬಹುಕಾಲವಾಗಿದ್ದರೂ, ನರ್ಸುಗಳು ಎದೆಗೆ ಸಿಕ್ಕಿಸಿಕೊಳ್ಳುವ ಕೀ ಕೊಡುವ ಗಡಿಯಾರವನ್ನು ಆಕೆ ಬಿಟ್ಟಿರಲಿಲ್ಲ. ಅದು ಕೆಳಗೆ ಬಿದ್ದು, ನಡೆಯುವುದೂ ನಿಲ್ಲುವುದೂ ತನ್ನಿಷ್ಟದಂತೆ ಆಗಿಹೋಗಿತ್ತು. ಮುಳ್ಳಣ್ಣನವರು ಅದನ್ನು ಕಿವಿಗೆ ಹಿಡಿದು ಆಲಿಸಿದರು. ಒಳಗಿನ ತೂಗುಚಕ್ರದ ಸ್ಪ್ರಿಂಗಿನ ಒಂದು ಸುತ್ತು ಪಕ್ಕದ ಸುತ್ತಿಗೆ ಅಂಟಿಕೊಂಡಿದೆ, ಬಿಡಿಸಿದರೆ ಮುಗಿಯಿತು, ಇಟ್ಟು ಹೋಗಿ ಎಂದರು. ರೋಗವನ್ನು ಸರಿಯಾಗಿಯೇ ಹೇಳಿದ್ದರು. ನರ್ಸಮ್ಮ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಅವರ ಅಂಗೈಯಲ್ಲಿಟ್ಟು ಹೋದರು.

ಊಟದ ಡಬ್ಬಿ ತಂದಿದ್ದ ಅವರ ಹೆಂಡತಿ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ಜೋರು ಮಾತಿನವರಲ್ಲ. ಅಂದು ಮಾತ್ರ ಡಬ್ಬಿಯನ್ನು ಕುಕ್ಕಿ ಕೇಳಿದರು.

"ಕಣ್ಣು ಕಾಣಲ್ಲ ಅಂತ ಬಾಯಿಬಿಟ್ಟು ಹೇಳೋಕೆ ನಿಮ್ಗೇನ್ರೀ ಕಷ್ಟ?"

"ಹೇಳಿದ ದಿನ ಬಾಗ್ಲು ಹಾಕ್ಬೇಕು ಕಣೇ."

"ಹಾಕಿ. ಮನೇಲಿ ಕೂತ್ಕೊಳ್ಳಿ. ಯಾರು ಬೇಡ ಅಂದ್ರು?"

"ಕೂತ್ಕೊಂಡು ಏನ್ ಮಾಡ್ಲಿ? ನಿನ್ ಮುಖ ನೋಡ್ತಾ ಕೂರೋಣ ಅಂದ್ರೆ ಅದೂ ಕಾಣಲ್ಲ."

ಅತ್ತಿಗೆ ನಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಅವರ ಕೈಗೆ ಹತ್ತಿರವಾಗಿ ಸರಿಸಿ ಹೊರಟುಹೋದರು.

ಅಂದಿನಿಂದ ಆ ಕ್ಯಾಮೆರಾದ ಮೇಲೆ ಎಲ್ಲವೂ ನಿಂತಿತು. ಅದು ನಡೆದರೆ ಅವರು ಗಡಿಯಾರದ ಕೆಲಸದವರು. ನಡೆಯದಿದ್ದರೆ ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಒಬ್ಬ ಮುದುಕ. ಇದು ಮಗಳಿಗೂ ಗೊತ್ತಿತ್ತು. ಕಚೇರಿ ಮುಗಿಸಿ ನೇರವಾಗಿ ಅಂಗಡಿಗೆ ಬಂದು ಕೂರುತ್ತಿದ್ದಳು, ರಜೆಯ ದಿನಗಳಲ್ಲೂ ಬರುತ್ತಿದ್ದಳು. ಅದೇ ಮೊದಲ ಸಲ ಅಪ್ಪ ಅವಳನ್ನು ಮೇಜಿನ ಹತ್ತಿರ ಕೂರಗೊಟ್ಟಿದ್ದರು. ಎಲ್ಲೆಲ್ಲಿಯವರೋ ಬರೆದು ಹಾಕಿದ್ದ ಸಲಹೆಗಳನ್ನು ಹುಡುಕಿ ಓದುವುದು, ಮಾಡಿ ನೋಡುವುದು, ಸೋಲುವುದು. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಆಗಿರುತ್ತಿರಲಿಲ್ಲ. ಒಮ್ಮೆ ಕಂಪ್ಯೂಟರು ತೆರೆಯುವುದನ್ನೇ ನಿಲ್ಲಿಸಿ, ಅದನ್ನು ಮತ್ತೆ ಎಬ್ಬಿಸಿ ಕೂರಿಸುವುದರಲ್ಲಿ ಅವಳಿಗೆ ಸಾಕುಸಾಕಾಯಿತು. ಡ್ರೈವರ್ ಸಿಕ್ಕಿತಾ ಎಂದು ಕನ್ನಡಕದವನು ದಿನವೂ ಇಣುಕಿ ಕೇಳುವನು. ಸಿಕ್ಕಿದ್ದಾನೆ, ಲೈಸೆನ್ಸ್ ಮುಗಿದಿದೆಯಂತೆ ಎಂದು ಮುಳ್ಳಣ್ಣನವರು ಉತ್ತರ ಕೊಡುವರು.

ಕೊನೆಗೆ ಅವಳು ಕ್ಯಾಮೆರಾದ ಹೊಟ್ಟೆಯನ್ನೇ ಬಿಚ್ಚಿದಳು. ಒಳಗಿದ್ದ ಕಪ್ಪು ಚಿಪ್ಪಿನ ಮೇಲಿನ ಗುರುತನ್ನು ಓದಿಕೊಂಡು, ಅದೇ ಚಿಪ್ಪಿರುವ ಬೇರೊಂದು ಕ್ಯಾಮೆರಾಕ್ಕೆ ಹೊಸ ಡ್ರೈವರ್ ಇರುವುದನ್ನು ಪತ್ತೆ ಮಾಡಿದಳು. ಇದೇ ಆ ಕ್ಯಾಮೆರಾ ಎಂದು ಕಂಪ್ಯೂಟರಿಗೆ ಸುಳ್ಳು ಹೇಳಿ ಒಪ್ಪಿಸಬೇಕು. ಅದಕ್ಕೆ ಮೊದಲು ಕಂಪ್ಯೂಟರಿನ ಕಾವಲನ್ನು ಸ್ವಲ್ಪ ಹೊತ್ತು ಸಡಿಲಿಸಬೇಕು. ಹಾಗೆ ಮಾಡಿ, ಆರಿಸಿ, ಮತ್ತೆ ಹೊತ್ತಿಸಿದಳು. ಕಡುನೇರಳೆ ಬಣ್ಣದ ಮಬ್ಬೊಂದು ಪರದೆಯ ಮೇಲೆ ಮೂಡಿತು. ಅದನ್ನು ತಿದ್ದಿದ ಮೇಲೆ ಹಿತ್ತಾಳೆಯ ಬಣ್ಣ ಬಂತು, ಆಮೇಲೆ ಚಕ್ರದ ಹಲ್ಲುಗಳು ಕಂಡವು.

ನಾನು ಅಂದು ಅಲ್ಲೇ ಇದ್ದೆ. ಅವಳ ಅಪ್ಪ ಚಹಾ ಕುಡಿಯಲು ಎದುರು ಬದಿಗೆ ಹೋಗಿದ್ದರು. ಸ್ಪಷ್ಟವಾಗಿದೆಯೇ ಎಂದು ಪರೀಕ್ಷಿಸಲು ಅವಳು ಕ್ಯಾಮೆರಾದ ಕೆಳಗೆ ನನ್ನ ಪತ್ರಿಕೆಯ ಚೂರೊಂದನ್ನು ಇಟ್ಟಳು. ಅಕ್ಷರಗಳು ತಲೆಕೆಳಗಾಗಿ ಕಂಡವು. ಪುಟ ಜೋಡಿಸುವುದೇ ಕೆಲಸವಾದವಳ ಕಣ್ಣಿಗೆ ಅದು ಹಿಡಿಸಲಿಲ್ಲ. ಹೊಸ ತಂತ್ರಾಂಶದಲ್ಲಿ ಚಿತ್ರ ತಿರುಗಿಸುವ ಚೌಕವೊಂದಿತ್ತು. ಅದರ ಮೇಲೆ ಒತ್ತಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಳ್ಳಣ್ಣನವರು ಒಳಗೆ ಬಂದರು.

"ಅಪ್ಪ, ಬಂತು," ಎಂದಳು ಅವಳು. "ಇಷ್ಟು ವರ್ಷ ಇದು ತಲೆಕೆಳಗಾಗಿ ತೋರಿಸ್ತಿತ್ತು ಅಂತ ಕಾಣತ್ತೆ. ಅದನ್ನೂ ನೆಟ್ಟಗೆ ಮಾಡಿದ್ದೀನಿ."

ಅವರು ಕುಳಿತರು. ಚಿಮಟವನ್ನು ಹಿಡಿದು ಕೆಳಗಿಳಿಸಿದರು. ಪರದೆಯ ಬುಡದಿಂದ ಚಿಮಟ ಮೇಲೆದ್ದಿತು. ಅವರ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಆಮೇಲೆ ಅದನ್ನು ಕೆಳಗಿಟ್ಟು, ಮಗಳ ತಲೆ ಎಲ್ಲಿದೆಯೆಂದು ತಡಕಿ, ಅದರ ಮೇಲೆ ಕೈಯಿಟ್ಟರು.

"ಒಳ್ಳೇ ಕೆಲ್ಸ ಮಾಡ್ದೆ ಕಣಮ್ಮ," ಎಂದರು.

ಅವರ ಬಾಯಿಂದ ಅಂಥ ಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವಳು ಮುಖ ತಿರುಗಿಸಿಕೊಂಡು ತಂತಿಗಳನ್ನು ಸುತ್ತಿಡುತ್ತ ಬಹಳ ಹೊತ್ತು ಕಳೆದಳು.

ಅವಳು ಹೋದ ಮೇಲೆ, ಚಿತ್ರವನ್ನು ಮೊದಲಿನಂತೆ ಮಾಡಿಸಿಕೊಳ್ಳಿ ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ. ಸರಿಯಾಗಿ ಕಾಣುತ್ತಿದೆಯೆಂದು ಯಾರಾದರೂ ದೂರು ಹೇಳುತ್ತಾರೆಯೇ ಎಂದು ನನ್ನನ್ನೇ ಕೇಳಿದರು. ಹುಟ್ಟಿದಂದಿನಿಂದ ನೆಟ್ಟಗೆ ನೋಡಿದ ಕಣ್ಣು, ನೆಟ್ಟಗೆ ಆಡಿದ ಕೈ. ನಡುವೆ ಕಲಿತ ಸೊಟ್ಟ ವಿದ್ಯೆ ಮರೆಯಲು ಎಷ್ಟು ಹೊತ್ತು ಬೇಕು ಎಂದರು. ಮಾತು ಸರಿಯೆನಿಸುವಂತಿತ್ತು. ಮರುದಿನ ಒಂದು ಮೇಜಿನ ಗಡಿಯಾರವನ್ನು ಪೂರ್ತಿ ಬಿಚ್ಚಿ ಜೋಡಿಸಿದರು. ಅದರ ಚಕ್ರಗಳು ದೊಡ್ಡವು, ಮುಕ್ಕಾಲು ಕೆಲಸವನ್ನು ಬೆರಳೇ ಮಾಡುತ್ತಿತ್ತೆಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ. ಅದು ಟಿಕ್ ಎಂದಾಗ ಇಬ್ಬರೂ ಗೆದ್ದವರಂತೆ ಕುಳಿತೆವು.

ನರ್ಸಮ್ಮನವರ ಗಡಿಯಾರವನ್ನು ಅವರು ತೆರೆದದ್ದು ಅದರ ಬೆನ್ನಲ್ಲೇ. ತೂಗುಚಕ್ರದ ಸ್ಪ್ರಿಂಗೆಂದರೆ ಕೂದಲಿಗಿಂತ ತೆಳ್ಳಗಿನ ಉಕ್ಕಿನ ಎಳೆ, ಒಳಗಿನಿಂದ ಹೊರಕ್ಕೆ ಸುತ್ತುಸುತ್ತಾಗಿ ಮಲಗಿರುತ್ತದೆ. ಅವರು ಕಿವಿಯಿಂದ ಕೇಳಿ ಹೇಳಿದ್ದಂತೆಯೇ ಒಂದು ಸುತ್ತು ಪಕ್ಕದ್ದಕ್ಕೆ ಅಂಟಿಕೊಂಡಿತ್ತು. ಚಿಮಟದ ಮೊನೆಯಿಂದ ಅದನ್ನು ಇಷ್ಟೇ ಇಷ್ಟು ಹೊರಗೆ ಸರಿಸಬೇಕು. ಅವರ ಬಾಳಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಮಾಡಿದ ಕೆಲಸ. ಪರದೆಯ ಮೂಲೆಯನ್ನು ದಿಟ್ಟಿಸುತ್ತ ಅವರು ಮೊನೆಯನ್ನು ಹತ್ತಿರ ತಂದರು. ನಿಧಾನವಾಗಿ ಬಂದಷ್ಟು ಹೊತ್ತು ಕೈ ಅವರ ಮಾತು ಕೇಳಿತು. ತಾಗುವ ಗಳಿಗೆಯಲ್ಲಿ ಮಾತ್ರ ಕೈ ಯಾರನ್ನೂ ಕೇಳುವುದಿಲ್ಲ, ತಾನು ಬಲ್ಲಂತೆ ಮಾಡುತ್ತದೆ. ಅದು ಬಲ್ಲದ್ದು ತಲೆಕೆಳಗಾದ ಚಿತ್ರವನ್ನು. ಹೊರಗೆ ಬರಬೇಕಿದ್ದ ಮೊನೆ ಒಳಗೆ ನುಗ್ಗಿತು. ಬೆಚ್ಚಿ ಹಿಂದೆಳೆದರು, ಹಿಂದೆಳೆದದ್ದು ಕೂಡ ತಿರುವುಮುರುವಾಗಿ ಮತ್ತಷ್ಟು ಒಳಕ್ಕೇ ಹೋಯಿತು. ಬಾಚಣಿಗೆಗೆ ಸಿಕ್ಕಿದ ಕೂದಲಿನಂತೆ ಸ್ಪ್ರಿಂಗು ಗಂಟಾಗಿ ಚಿಮಟದ ತುದಿಯಲ್ಲಿ ಎದ್ದು ಬಂತು.

ಪರದೆಯ ಮೇಲೆ ಅದು ಹಗ್ಗದಷ್ಟು ದಪ್ಪವಾಗಿ ಕಾಣುತ್ತಿತ್ತು. ನಾನು ಬೆಂಚಿನಿಂದ ಎದ್ದು ಹೋಗಿ ನೋಡಿದೆ. ಮುಳ್ಳಣ್ಣನವರು ಅಲುಗಾಡದೆ ಕುಳಿತಿದ್ದರು.

"ಮೇಷ್ಟ್ರೇ, ಸ್ವಲ್ಪ ಆ ಪರದೆ ಆರಿಸಿ," ಎಂದರು.

ಆ ಬಗೆಯ ಗಡಿಯಾರ ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಪರಿಚಯದ ಕಸುಬುದಾರರಲ್ಲೆಲ್ಲ ಫೋನಿನಲ್ಲಿ ವಿಚಾರಿಸಿದರು. ಸ್ಪ್ರಿಂಗು ಸಿಗಲಿಲ್ಲ. ನರ್ಸಮ್ಮ ಬಂದ ದಿನ ಮಗಳೂ ಅಂಗಡಿಯಲ್ಲಿದ್ದಳು. ಮುಳ್ಳಣ್ಣನವರು ಎದ್ದು ನಿಂತು ಗಡಿಯಾರವನ್ನು ಕೊಟ್ಟು, ನನ್ನ ಕೈಯಿಂದ ಕೆಟ್ಟಿತು, ಇನ್ನು ನಡೆಯುವುದಿಲ್ಲ ಎಂದರು. ಆಕೆ ಕಾರಣ ಕೇಳಿದಾಗ, ಕಣ್ಣು ಹೋಗಿ ವರ್ಷಗಳಾದವು ಎಂದು ಬಿಟ್ಟರು. ಹೆಂಡತಿ ಗೋಗರೆದರೂ ಹೊರಡದಿದ್ದ ಮಾತು ಅಂದು ತಾನಾಗಿಯೇ ಹೊರಟಿತು. ಆದರೆ ಅದು ಅರ್ಧ ನಿಜ. ಉಳಿದರ್ಧವನ್ನು ಮಗಳ ಮುಂದೆ ನುಂಗಿಕೊಂಡರು.

ನರ್ಸಮ್ಮ ಗಡಿಯಾರವನ್ನು ಮಗುಚಿ ನೋಡಿದರು. ಮಾತನಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತೇನೋ.

"ಕೆಟ್ಟಿದ್ದಕ್ಕೆ ಬೇಜಾರಿಲ್ಲಪ್ಪ. ನನ್ ಕೈಯಲ್ಲೂ ಎಷ್ಟೋ ಕೆಟ್ಟಿದೆ, ಅದು ಗಡಿಯಾರ ಅಲ್ಲ. ಆದ್ರೆ ನನ್ ಕೈಲಾಗಲ್ಲ, ಬೇರೆ ಕಡೆ ಕರ್ಕೊಂಡ್ ಹೋಗಿ ಅಂತ ಹೇಳೋದನ್ನ ನಾನು ಮೊದ್ಲು ಕಲ್ತಿದ್ದೆ. ನೀನು ಆ ಮಾತನ್ನ ಆವತ್ತೇ ಹೇಳ್ಬೇಕಿತ್ತು."

ಅವರು ಗಡಿಯಾರವನ್ನು ಚೀಲದೊಳಗೆ ಹಾಕಿಕೊಂಡು, ಮೆಟ್ಟಿಲನ್ನು ನೋಡಿಕೊಂಡು ಇಳಿದುಹೋದರು. ಮುಳ್ಳಣ್ಣನವರು ನಿಂತೇ ಇದ್ದರು.

ಮಗಳಿಗೆ ಸಮಾಧಾನವಾಗಲಿಲ್ಲ. ಚಿತ್ರ ಮಬ್ಬಾಗಿತ್ತೇ, ನಡುವೆ ತಡೆಯಿತೇ ಎಂದು ಕೇಳಿದಳು. ಇಲ್ಲ, ಚೆನ್ನಾಗಿತ್ತು ಎಂದರು. ಹಾಗಾದರೆ ನನ್ನ ಮುಂದೆ ಒಮ್ಮೆ ಮಾಡಿ ತೋರಿಸಿ ಎಂದು ಹಠ ಹಿಡಿದು, ಗುಜರಿ ಗಡಿಯಾರವೊಂದನ್ನು ಕ್ಯಾಮೆರಾದ ಕೆಳಗಿಟ್ಟಳು. ಅವರು ತಪ್ಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಸ್ಕ್ರೂವೊಂದರ ಕಡೆಗೆ ಹೊರಟ ಚಿಮಟ ಅದರಿಂದ ದೂರ ಸರಿಯಿತು. ನಿಲ್ಲಿಸಿ, ತಿದ್ದಿಕೊಂಡು, ಮತ್ತೆ ಹೊರಟರು. ಮತ್ತೆ ದೂರ. ಅವಳು ಪರದೆಯನ್ನು ಬಿಟ್ಟು ಅವರ ಕೈಯನ್ನೇ ನೋಡತೊಡಗಿದಳು. ನೋಡುತ್ತ ನೋಡುತ್ತ ಅವಳ ಮುಖದ ಬಣ್ಣ ಇಳಿಯಿತು. ಕೈ ಚಾಚಿ, ಚಿತ್ರ ತಿರುಗಿಸುವ ಚೌಕವನ್ನು ಮತ್ತೆ ಒತ್ತಿದಳು. ಚಿತ್ರ ತಲೆಕೆಳಗಾಯಿತು. ಚಿಮಟ ಮೇಲಿನಿಂದ ಇಳಿದು ಬಂದು ಸ್ಕ್ರೂವಿನ ನೆತ್ತಿಯ ಮೇಲೆ ನಿಂತಿತು.

"ಇದು ಮೊದ್ಲಿಂದಾನೂ ಹೀಗೇ ಬೇಕಿತ್ತಾ ಅಪ್ಪ?"

ಅವರು ಚಿಮಟವನ್ನು ಕೆಳಗಿಟ್ಟರು.

"ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ. ಒಂದು ಸಲ ಒತ್ತೋದು, ಅಷ್ಟೇ ಇತ್ತು."

"ಏನಂತ ಹೇಳ್ಲಿ? ಮಗ್ಳು ನೆಟ್ಟಗೆ ಮಾಡಿಕೊಟ್ಟಿದ್ದನ್ನ ಸೊಟ್ಟ ಮಾಡು ಅಂತ್ಲಾ?"

ಅವಳು ಬಾಗಿಲ ಹತ್ತಿರದ ಬೆಂಚಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಕೈಗಳನ್ನು ಮೊಣಕಾಲಿನ ನಡುವೆ ಅದುಮಿಕೊಂಡಿದ್ದಳು. ಅಳಲಿಲ್ಲ.

ಇನ್ನು ಎಲ್ಲ ಮೊದಲಿನಂತಾಗುವುದೆಂದು ನಾನು ಭಾವಿಸಿದ್ದೆ. ಕ್ಯಾಮೆರಾ ನಡೆಯುತ್ತಿತ್ತು, ಚಿತ್ರ ಅವರಿಗೆ ಬೇಕಾದಂತೆಯೇ ಇತ್ತು. ಮುಳ್ಳಣ್ಣನವರು ದಿನವೂ ಬಂದು ಗುಜರಿ ಗಡಿಯಾರಗಳ ಮುಂದೆ ಕುಳಿತರು. ದೊಡ್ಡ ಚಕ್ರಗಳ ಮಟ್ಟಿಗೆ ಕೈ ಸರಿಯಾಗಿಯೇ ಹೋಗುತ್ತಿತ್ತು. ಸ್ಪ್ರಿಂಗಿನ ಹತ್ತಿರ ಬಂದಾಗ ಮಾತ್ರ ತಡೆದು ನಿಲ್ಲುತ್ತಿತ್ತು. ಅವರು ಬಿಟ್ಟು, ಉಸಿರೆಳೆದುಕೊಂಡು, ಮತ್ತೆ ಹೊರಡುವರು. ಅದು ಮತ್ತೆ ಅಲ್ಲೇ ನಿಲ್ಲುವುದು. ಒಂದು ಮಧ್ಯಾಹ್ನ ಚಿಮಟವನ್ನು ಒರೆಸಿ ಡಬ್ಬಿಯಲ್ಲಿಟ್ಟು ಹೇಳಿದರು, "ಕೈಗೆ ಅನುಮಾನ ಹತ್ತಿದೆ ಮೇಷ್ಟ್ರೇ. ಯಾವ ಕಡೆಗೆ ಹೋಗ್ಲಿ ಅಂತ ಪ್ರತಿ ಸಲಾನೂ ನನ್ನನ್ನ ಕೇಳತ್ತೆ. ನಂಗೆ ಗೊತ್ತಿದ್ರೆ ತಾನೆ ಹೇಳೋಕೆ?"

ಆಮೇಲೆ ಅವರು ಮಾಡಿದ್ದು ಒಂದೇ ಕೆಲಸ. ರಿಪೇರಿಗೆಂದು ತೆಗೆದುಕೊಂಡು ಹಾಗೇ ಇರಿಸಿದ್ದ ಗಡಿಯಾರಗಳನ್ನು ಅವರವರ ಮನೆಗೆ ತಾವೇ ಹೋಗಿ ಹಿಂದಿರುಗಿಸಿದರು. ಅತ್ತಿಗೆ ತೋಳು ಹಿಡಿದು ನಡೆಸುತ್ತಿದ್ದರು, ನಾನೂ ಜೊತೆಗಿದ್ದೆ. ಪ್ರತಿ ಬಾಗಿಲಲ್ಲೂ ನಿಂತು, ಗಡಿಯಾರವನ್ನು ಚಾಚಿ ಹಿಡಿದು, ತಮ್ಮ ಕೈಯಲ್ಲಿ ಇನ್ನು ಆಗುವುದಿಲ್ಲ, ಬೇರೆಯವರಿಗೆ ತೋರಿಸಿ ಎಂದು ಹೇಳಬೇಕಾಗಿತ್ತು. ಚುರುಕು ನಾಲಗೆಯ ಮನುಷ್ಯ; ಆ ಎರಡು ಮಾತಿಗೆ ಮಾತ್ರ ಎಲ್ಲೆಡೆಯೂ ತಡವರಿಸಿದರು. ಕೆಲವರು ಪಾಪ ಎಂದರು. ಕೆಲವರು ಇಷ್ಟು ದಿನ ಯಾಕೆ ಇಟ್ಟುಕೊಂಡಿದ್ದಿರಿ ಎಂದು ರೇಗಿದರು. ಒಬ್ಬಾತ, ಕೆಟ್ಟರೂ ಚಿಂತೆಯಿಲ್ಲ, ನೀವೇ ಒಂದು ಕೈ ನೋಡಿ ಎಂದು ಗಡಿಯಾರವನ್ನು ಮತ್ತೆ ಅವರ ಅಂಗೈಗೇ ಒತ್ತಿದ. ಮುಳ್ಳಣ್ಣನವರು ಅದನ್ನು ಒಮ್ಮೆ ಕಿವಿಯ ತನಕ ಒಯ್ದರು. ಆಲಿಸಲಿಲ್ಲ. ಅವನ ಕೈ ಎಲ್ಲಿದೆಯೆಂದು ತಡಕಿ ನೋಡಿ ಹಿಂದಕ್ಕೆ ಕೊಟ್ಟರು.

ಅಂಗಡಿಯ ಕೋಣೆಯನ್ನು ಈಗ ಕನ್ನಡಕದವನು ಸೇರಿಸಿಕೊಂಡಿದ್ದಾನೆ. ನಾನು ಮಧ್ಯಾಹ್ನಗಳಲ್ಲಿ ಅವರ ಮನೆಗೆ ಹೋಗುತ್ತೇನೆ. ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವರು ಕೇಳುತ್ತಾರೆ, ಆಗೀಗ ಚುಚ್ಚಿ ಮಾತನಾಡುತ್ತಾರೆ. ಮಗಳು ಕಚೇರಿಯಿಂದ ಬರುವ ಹೊತ್ತಿಗೆ ನಾನು ಪತ್ರಿಕೆಯನ್ನು ಮಡಿಸಿಡುತ್ತೇನೆ. ಅಪ್ಪ ಬಲಗೈಯನ್ನು ಎಡಗೈಯ ಕೆಳಗೆ ಮುಚ್ಚಿಟ್ಟುಕೊಳ್ಳುತ್ತಾರೆ. ಏನಾದರೂ ಬೇಕೇ ಎಂದು ಅವಳು ಕೇಳುತ್ತಾಳೆ. ಏನೂ ಬೇಡ, ಎಲ್ಲ ಸರಿಯಾಗಿದೆ ಎಂದು ಅವರು ಹೇಳುತ್ತಾರೆ. ಅವಳು ತಕ್ಷಣ ಒಳಗೆ ಹೋಗುವುದಿಲ್ಲ. ಆ ಮಾತು ನಿಜವೋ ಅಲ್ಲವೋ ಎಂದು ಅವರ ಮುಖವನ್ನು ನೋಡುತ್ತ ನಿಂತಿರುತ್ತಾಳೆ.